ಅಜ್ಜಿಯ ಡಬ್ಬದಲ್ಲಿ ಏನಿದೆ?

ನಮ್ಮ ಮನೆಯಿಂದ ಕಾಡುಗೋಡಿಯ ಕೊರಿಯರ್ ಅಂಗಡಿಗೆ ಹತ್ತು ನಿಮಿಷದ ನಡಿಗೆ. ಆವತ್ತು ಇಪ್ಪತ್ತೈದು ನಿಮಿಷ ಹಿಡಿಯಿತು. ಡಬ್ಬ ಅಷ್ಟು ಭಾರ. ಒಂದು ಕಡೆ ನಾನು, ಇನ್ನೊಂದು ಕಡೆ ಆರನೇ ಕ್ಲಾಸಿನ ಮೊಮ್ಮಗಳು, ಹಿಂದೆ ‘ಹುಷಾರು, ಕೋಡುಬಳೆ ಮುರಿಯುತ್ತೆ’ ಎನ್ನುತ್ತಾ ಅವಳ ಅಜ್ಜಿ.

ದೊಡ್ಡ ಮೊಮ್ಮಗ ಓದಲು ಜರ್ಮನಿಗೆ ಹೋಗಿ ಆರು ತಿಂಗಳಾಗಿತ್ತು. ಅವನಿಗೆಂದು ನನ್ನ ಹೆಂಡತಿ ಎರಡು ದಿನ ಕೂತು ಡಬ್ಬ ತುಂಬಿದ್ದಳು. ಚಕ್ಕುಲಿ, ಕೋಡುಬಳೆ, ಹುಳಿ ಪುಡಿ, ಚಟ್ನಿ ಪುಡಿ. ತಿಪಟೂರಿನ ನೆಂಟರು ಕೊಟ್ಟ ಉಂಡೆ ಕೊಬ್ಬರಿ ನಾಲ್ಕು. ದೇವರ ದೀಪ ಹಚ್ಚಲಿ ಎಂದು ಒಂದು ಪೊಟ್ಟಣ ಕರ್ಪೂರ, ‘ಅಲ್ಲಿ ಸಿಗುತ್ತೋ ಇಲ್ಲವೋ’ ಎಂದು ಎರಡು ಬೆಂಕಿಪೊಟ್ಟಣ. ಕೊನೆಗೆ ಅವನು ಮರೆತು ಹೋಗಿದ್ದ ಪವರ್ ಬ್ಯಾಂಕ್.

ಅಂಗಡಿಯ ಹುಡುಗ ಡಬ್ಬ ಬಿಚ್ಚಿಸಿದ. ಒಂದೊಂದನ್ನೇ ಎತ್ತಿ ನೋಡಿ, ಪಟ್ಟಿಯಲ್ಲಿ ಬರೆದುಕೊಂಡು, ನಾಲ್ಕು ಸಾಮಾನು ಮಾತ್ರ ಪಕ್ಕಕ್ಕೆ ಇಟ್ಟ.

‘ಅಜ್ಜಿ, ಇವು ಹೋಗಲ್ಲ. ಪವರ್ ಬ್ಯಾಂಕು, ಬೆಂಕಿಪೊಟ್ಟಣ, ಕರ್ಪೂರ, ಕೊಬ್ಬರಿ.’

‘ಬೆಂಕಿಪೊಟ್ಟಣ ಬೇಡ ಅನ್ನು, ಒಪ್ಪಿಕೊಳ್ತೀನಿ. ಕೊಬ್ಬರಿ ಏನು ಮಾಡುತ್ತಪ್ಪಾ ಪಾಪ?’

‘ಬೆಂಕಿ ಹತ್ತಿಕೊಳ್ಳುತ್ತೆ ಅಜ್ಜಿ.’

ಅವಳು ನಕ್ಕುಬಿಟ್ಟಳು. ನಾನೂ ನಕ್ಕೆ. ಆಮೇಲೆ ನಾನೊಂದು ಕೆಲಸ ಮಾಡಿದೆ, ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಹುಡುಗನ ಕಡೆ ಬಗ್ಗಿ, ‘ತಿಂಡಿ, ಬಟ್ಟೆ ಅಂತ ಬರೆದುಬಿಡಪ್ಪಾ. ಒಳಗೆ ಯಾರು ನೋಡ್ತಾರೆ?’ ಎಂದೆ.

ಅವನು ನಗಲಿಲ್ಲ. ಅರ್ಜಿಯ ಕೆಳಗಿನ ಒಂದು ಗೆರೆ ತೋರಿಸಿದ. ಈ ಪೊಟ್ಟಣದಲ್ಲಿ ಅಪಾಯಕಾರಿ ವಸ್ತು ಯಾವುದೂ ಇಲ್ಲ ಎಂದು ಕಳಿಸುವವರು ಸಹಿ ಹಾಕುವ ಜಾಗ. ‘ಸೈನ್ ಮಾಡೋರು ನೀವು ಸಾರ್’ ಎಂದ, ಅಷ್ಟೇ.

ಡಬ್ಬ ಹೊತ್ತು ವಾಪಸು ಬರುವಾಗ ಮೊಮ್ಮಗಳು ಕೇಳಿದಳು: ‘ತಾತ, ನಾವು ಬರೆಯದೇ ಇದ್ರೆ ಬೆಂಕಿಗೂ ಗೊತ್ತಾಗಲ್ವಾ?’

ಮೂವತ್ತೈದು ವರ್ಷ ಕನ್ನಡ ಮೇಷ್ಟ್ರಾಗಿದ್ದವನು ನಾನು. ಈ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಆ ರಾತ್ರಿಯಿಂದಲೇ ಇಬ್ಬರೂ ಹುಡುಕಲು ಕೂತೆವು.

ಮೊದಲು ಕೊಬ್ಬರಿಯ ವಿಷಯ. ಹುಡುಗ ಹೇಳಿದ್ದು ನಿಜ! ಪ್ರಪಂಚದಲ್ಲಿ ಸಾಗಿಸುವ ಅಪಾಯಕಾರಿ ವಸ್ತುಗಳಿಗೆಲ್ಲ ವಿಶ್ವಸಂಸ್ಥೆಯ ತಜ್ಞರ ಸಮಿತಿಯೊಂದು ನಾಲ್ಕಂಕಿಯ ಸಂಖ್ಯೆ ಕೊಟ್ಟಿದೆ. ಶಾಲೆಯಲ್ಲಿ ನಿಮಗೆಲ್ಲ ಹಾಜರಿ ನಂಬರ್ ಇರುವ ಹಾಗೆ. ಪೆಟ್ರೋಲಿಗೆ 1203, ಡೀಸೆಲ್ಲಿಗೆ 1202, ಅಡುಗೆ ಅನಿಲಕ್ಕೆ 1075, ಗಂಧಕಾಮ್ಲಕ್ಕೆ 1830. ಆ ಪಟ್ಟಿಯಲ್ಲಿ 1363 ಎಂಬ ಸಂಖ್ಯೆಯ ಮುಂದೆ ನಮ್ಮ ಕೊಬ್ಬರಿ ಇದೆ. ‘ತಾನಾಗಿಯೇ ಹೊತ್ತಿಕೊಳ್ಳಬಹುದಾದ ವಸ್ತು’ ಎಂಬ ಗುಂಪಿನಲ್ಲಿ.

ಅದು ಹೇಗೆ? ಹಳ್ಳಿಯಲ್ಲಿ ಬೆಳೆದ ತಾತಂದಿರಿಗೆ ಹುಲ್ಲಿನ ಬಣವೆ ಗೊತ್ತು. ಹಸಿ ಹುಲ್ಲನ್ನು ಒಣಗಿಸದೆ ಬಣವೆ ಒಟ್ಟಿದರೆ, ನಾಲ್ಕು ದಿನ ಬಿಟ್ಟು ಒಳಗೆ ಕೈ ಹಾಕಿದಾಗ ಬಿಸಿ ತಟ್ಟುತ್ತದೆ. ಹಾಗೇ ಬಿಟ್ಟರೆ ಹೊಗೆ, ಆಮೇಲೆ ಬೆಂಕಿ. ಕೊಬ್ಬರಿಯದೂ ಇಂಥದೇ ಕಥೆ. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆಯೇ. ಎಣ್ಣೆ ಗಾಳಿಯಲ್ಲಿರುವ ಆಮ್ಲಜನಕದ ಜೊತೆ ನಿಧಾನವಾಗಿ ಸೇರುವಾಗ ಚೂರು ಚೂರೇ ಶಾಖ ಹುಟ್ಟುತ್ತದೆ. ಸ್ವಲ್ಪ ತೇವ ಉಳಿದಿದ್ದು ಬೂಷ್ಟು ಹಿಡಿದರೆ ಇನ್ನಷ್ಟು. ತಿಪಟೂರಿನ ಅಟ್ಟದ ಮೇಲೆ ತಿಂಗಳುಗಟ್ಟಲೆ ಹರಡಿಕೊಂಡು ಒಣಗುವ ಕಾಯಿಗೆ ಸುತ್ತಲೂ ಗಾಳಿಯಾಡುತ್ತದೆ, ಹುಟ್ಟಿದ ಶಾಖ ಆಗಿಂದಾಗಲೇ ಹಾರಿಹೋಗುತ್ತದೆ. ಅದೇ ಕೊಬ್ಬರಿಯನ್ನು ಮೂಟೆ ಮೂಟೆಯಾಗಿ ಒಟ್ಟಿ, ಗಾಳಿಯಿಲ್ಲದ ಕಂಟೇನರಿನಲ್ಲಿ ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದರೆ ಶಾಖ ಎಲ್ಲಿಗೆ ಹೋಗಬೇಕು? ಒಳಗೇ ಕೂಡುತ್ತದೆ. ಬಿಸಿ ಹೆಚ್ಚಿದಷ್ಟೂ ಎಣ್ಣೆ ಇನ್ನೂ ಬೇಗ ಬಿಸಿಯಾಗುತ್ತದೆ. ಕಡ್ಡಿ ಗೀರಿದವರು ಯಾರೂ ಇಲ್ಲ, ಆದರೂ ಬೆಂಕಿ.

‘ಹಾಗಾದ್ರೆ ನಮ್ಮ ಅಡುಗೆಮನೆ ಡಬ್ಬಿಯಲ್ಲಿರೋದು?’ ಎಂದು ಅಜ್ಜಿ ಗಾಬರಿಯಿಂದ ಎದ್ದು ಹೋಗಿ ನೋಡಿ ಬಂದಳು. ಒಂದೆರಡು ಹೋಳಿಗೆ ಏನೂ ಆಗುವುದಿಲ್ಲ ಮಾರಾಯ್ತಿ ಎಂದೆ. ನಾಲ್ಕು ಉಂಡೆಯಿಂದ ವಿಮಾನ ಹೊತ್ತಿ ಉರಿಯುತ್ತದೆಂದು ಯಾರೂ ಹೇಳುತ್ತಿಲ್ಲ. ಆದರೆ ವಿಮಾನದ ಹೊಟ್ಟೆಯಲ್ಲಿ ನೂರಾರು ಜನರ ಸಾಮಾನು ಇರುತ್ತದೆ. ಎಲ್ಲರೂ ‘ನಂದು ನಾಲ್ಕೇ’ ಎಂದರೆ ಲೆಕ್ಕ ಇಡುವವರು ಯಾರು? ಅದಕ್ಕೇ ನಮ್ಮ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಸಾಮಾನಿನಿಂದ ಇಡೀ ಒಣಕೊಬ್ಬರಿಯನ್ನು ತೆಗೆಸುತ್ತಾರೆ. ವ್ಯಾಪಾರಕ್ಕೆ ಕಳಿಸುವವರು ಸಂಖ್ಯೆ ಬರೆದು, ಗುರುತಿನ ಚೀಟಿ ಅಂಟಿಸಿ, ನಿಯಮದಂತೆ ಕಟ್ಟಿ ಸರಕಾಗಿ ಕಳಿಸಬೇಕು. ಕೊಬ್ಬರಿಗೆ ಬಹಿಷ್ಕಾರವೇನಿಲ್ಲ, ಹೇಳಿ ಕಳಿಸಬೇಕು ಅಷ್ಟೇ.

ಕರ್ಪೂರಕ್ಕೂ ನಂಬರ್ ಇದೆ, 2717. ಬೆಂಕಿಪೊಟ್ಟಣ 1944. ಇವೆರಡರ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ಪವರ್ ಬ್ಯಾಂಕಿನದು ಸ್ವಲ್ಪ ವಿಚಿತ್ರ. ಅದರ ಒಳಗಿರುವುದು ಲಿಥಿಯಂ ಬ್ಯಾಟರಿ. ಎಲ್ಲಾದರೂ ಜಜ್ಜಿ ಒಳಗಿನ ತೆಳು ಪದರ ಹರಿದರೆ ತಾನೇ ಬಿಸಿಯಾಗಿ, ಪಕ್ಕದ ಬ್ಯಾಟರಿಯನ್ನೂ ಬಿಸಿ ಮಾಡಿ, ಸರಮಾಲೆಯಂತೆ ಹೊತ್ತಿಕೊಳ್ಳುತ್ತದೆ. ಪ್ರಯಾಣಿಕರ ವಿಮಾನದಲ್ಲಿ ಬರೀ ಲಿಥಿಯಂ ಅಯಾನ್ ಬ್ಯಾಟರಿಗಳನ್ನು ಸರಕಾಗಿ ಸಾಗಿಸುವುದನ್ನು 2016ರ ಏಪ್ರಿಲ್ 1ರಿಂದ ನಿಲ್ಲಿಸಿದ್ದಾರೆ. ಪ್ರಯಾಣಿಕರು ಒಯ್ಯಬಹುದು, ಆದರೆ ಕೈಚೀಲದಲ್ಲೇ. ಕೆಳಗೆ ಹಾಕುವ ಸೂಟ್‌ಕೇಸಿನಲ್ಲಿ ಕೂಡದು. ಯಾಕೆಂದರೆ ಕೈಚೀಲದಲ್ಲಿ ಹೊಗೆ ಬಂದರೆ ಗಗನಸಖಿಯರು ನೋಡಿ ಆರಿಸುತ್ತಾರೆ, ವಿಮಾನದ ಹೊಟ್ಟೆಯಲ್ಲಿ ಬಂದರೆ ನೋಡಲು ಯಾರೂ ಇರುವುದಿಲ್ಲ. ಅದಕ್ಕೂ ಮಿತಿ ಇದೆ, 100 ವ್ಯಾಟ್-ಅವರ್. ಮೊಮ್ಮಗಳು ಲೆಕ್ಕ ಹಾಕಿದಳು: ಪವರ್ ಬ್ಯಾಂಕಿನ ಮೇಲೆ 20,000 ಎಂಎಎಚ್ ಎಂದಿದ್ದರೆ ಅದನ್ನು 3.7 ವೋಲ್ಟ್‌ನಿಂದ ಗುಣಿಸಿ 1,000ದಿಂದ ಭಾಗಿಸಬೇಕು. 74 ಬಂತು. ನಿಮ್ಮ ಮನೆಯದನ್ನೂ ಹೀಗೇ ಲೆಕ್ಕ ಹಾಕಿ ನೋಡಿ.

ಎರಡನೇ ದಿನ ಸಂಜೆ ಅವಳು ಓಡಿ ಬಂದು, ‘ತಾತ, 1203 ನಮ್ಮ ರೋಡಲ್ಲೇ ಹೋಗ್ತಿದೆ!’ ಎಂದಳು.

ಕಾಡುಗೋಡಿಯ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ವೈಟ್‌ಫೀಲ್ಡ್ ಎಂದರೆ ಎಲ್ಲರಿಗೂ ಕಂಪ್ಯೂಟರ್ ಕಂಪನಿಗಳು, ಗಾಜಿನ ಕಟ್ಟಡಗಳು ನೆನಪಾಗುತ್ತವೆ. ಆದರೆ ವೈಟ್‌ಫೀಲ್ಡ್ ಎಂಬ ಹೆಸರಿನ ರೈಲು ನಿಲ್ದಾಣ ಇರುವುದು ನಮ್ಮ ಕಾಡುಗೋಡಿಯಲ್ಲಿ. ಅದರ ಬಳಿಯೇ ಕಂಟೇನರ್ ಕಾರ್ಪೊರೇಷನ್‌ನವರ ಒಳನಾಡು ಕಂಟೇನರ್ ಡಿಪೋ ಇದೆ. ಸಮುದ್ರ ಇಲ್ಲದ ಊರಿನ ಬಂದರು ಎನ್ನಬಹುದು. ಇಲ್ಲೇ ಕಸ್ಟಮ್ಸ್ ತಪಾಸಣೆ ಮುಗಿಸಿ, ಕಬ್ಬಿಣದ ದೊಡ್ಡ ಪೆಟ್ಟಿಗೆಗಳು ರೈಲು ಹತ್ತಿ ಚೆನ್ನೈ ಬಂದರಿಗೆ ಹೋಗುತ್ತವೆ. ಮಾಲೂರಿನ ಕಡೆ ಇನ್ನೊಂದು ನಿಲ್ದಾಣ ಮುಂದೆ ಹೋದರೆ ದೇವನಗೊಂದಿ. ಅಲ್ಲಿ ತೈಲ ಕಂಪನಿಗಳ ದೊಡ್ಡ ದೊಡ್ಡ ತೊಟ್ಟಿಗಳಿವೆ. ಮಂಗಳೂರಿನಿಂದ ಹಾಸನದ ಮೇಲೆ ಸುಮಾರು 360 ಕಿಲೋಮೀಟರ್ ದೂರ ನೆಲದಡಿಯ ಕೊಳವೆಯಲ್ಲಿ ಪೆಟ್ರೋಲು, ಡೀಸೆಲ್ಲು ಹರಿದು ಬಂದು ಸೇರುವುದು ಇಲ್ಲಿಗೇ. ಇಲ್ಲಿಂದ ಟ್ಯಾಂಕರ್ ಲಾರಿಗಳು ತುಂಬಿಕೊಂಡು ಊರೂರಿನ ಬಂಕುಗಳಿಗೆ ಹೊರಡುತ್ತವೆ. ಹಾಗಾಗಿ ನಮ್ಮ ಕಡೆಯ ಮಕ್ಕಳಿಗೆ ಟ್ಯಾಂಕರ್ ನೋಡುವುದು ಎಮ್ಮೆ ನೋಡಿದಷ್ಟೇ ಮಾಮೂಲು. (ಈಗ ಎಮ್ಮೆಯೇ ಅಪರೂಪ, ಆ ಮಾತು ಬೇರೆ.)

ಮುಂದಿನ ಸಲ ಟ್ಯಾಂಕರ್ ನಿಮ್ಮ ಸ್ಕೂಲ್ ಬಸ್ಸಿನ ಮುಂದೆ ಸಿಕ್ಕರೆ ಅದರ ಹಿಂಭಾಗ, ಎಡ, ಬಲ ಮೂರೂ ಕಡೆ ಇರುವ ಫಲಕ ನೋಡಿ. ಅದರಲ್ಲಿ ಒಳಗಿರುವ ವಸ್ತುವಿನ ಹೆಸರು, ನಾಲ್ಕಂಕಿಯ ಸಂಖ್ಯೆ, ಮೂಲೆಯ ಮೇಲೆ ನಿಲ್ಲಿಸಿದ ಚೌಕದಂಥ ಗುರುತಿನಲ್ಲಿ ಒಂದು ಚಿತ್ರ, ಕಳಿಸಿದವರ ಫೋನ್ ನಂಬರ್, ಮತ್ತೆ ಒಂದು ಗುಟ್ಟಿನ ಭಾಷೆಯಂಥ ಬರಹ ಇರುತ್ತದೆ. ಪೆಟ್ರೋಲ್ ಟ್ಯಾಂಕರಿನ ಮೇಲೆ ‘3ವೈಇ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿರುತ್ತಾರೆ.

ಇದನ್ನು ಬಿಡಿಸಿ ಓದೋಣ. ಇದು ಅಗ್ನಿಶಾಮಕ ದಳದವರಿಗೆ ಬರೆದ ಮೂರು ಅಕ್ಷರದ ಕಾಗದ. ‘3’ ಎಂದರೆ ನೀರು ಹೊಡೆಯಬೇಡಿ, ನೊರೆ ಹಾಕಿ. ಪೆಟ್ರೋಲ್ ನೀರಿಗಿಂತ ಹಗುರ. ನೀರು ಹೊಡೆದರೆ ಉರಿಯುವ ಪೆಟ್ರೋಲು ನೀರಿನ ಮೇಲೆ ತೇಲಿಕೊಂಡು ಇನ್ನೂ ದೂರ ಹರಡುತ್ತದೆ. ನೊರೆ ಮೇಲೆ ಕಂಬಳಿಯಂತೆ ಹೊದ್ದುಕೊಂಡು ಗಾಳಿ ತಡೆಯುತ್ತದೆ. ‘ವೈ’ ಎಂದರೆ ಸಿಡಿಯುವ ಸಂಭವವಿದೆ, ಉಸಿರಾಟದ ಉಪಕರಣ ಹಾಕಿಕೊಳ್ಳಿ, ಚೆಲ್ಲಿದ್ದನ್ನು ಚರಂಡಿಗೆ ತೊಳೆದುಬಿಡದೆ ಅಲ್ಲೇ ತಡೆದು ನಿಲ್ಲಿಸಿ. ಮೋರಿಗೆ ಬಿಟ್ಟದ್ದು ಕೆರೆ ಸೇರುತ್ತದಲ್ಲ! ಕೊನೆಯ ‘ಇ’ ಇದ್ದರೆ ಸುತ್ತಲಿನ ಜನರನ್ನು ದೂರ ಕಳಿಸುವ ಬಗ್ಗೆ ಯೋಚಿಸಿ. ಅಪಘಾತವಾದಾಗ ಡ್ರೈವರ್ ಪ್ರಜ್ಞೆ ತಪ್ಪಿರಬಹುದು, ಹೇಳುವವರು ಯಾರೂ ಇಲ್ಲದಿರಬಹುದು. ಆಗ ಮಾತಾಡುವುದು ಆ ಫಲಕ ಒಂದೇ.

ನಮ್ಮ ಬೀದಿಯ ಕೊನೆಯಲ್ಲಿ ಮೂವತ್ತು ವರ್ಷ ಟ್ಯಾಂಕರ್ ಓಡಿಸಿ ಈಗ ಮನೆಯಲ್ಲಿರುವ ಹಿರಿಯರೊಬ್ಬರಿದ್ದಾರೆ. ಅವರನ್ನು ಕರೆದು ಕಾಫಿ ಕೊಟ್ಟು ಕೂರಿಸಿಕೊಂಡೆವು. ಮೊಮ್ಮಗಳು ಒಂದು ನೋಟ್‌ಬುಕ್ಕನ್ನೇ ತಂದಿದ್ದಳು.

‘ಲಾರಿ ಓಡಿಸೋಕೆ ಬಂದ್ರೆ ಸಾಲದು ಪುಟ್ಟಿ, ಓದೋಕೆ ಬರಬೇಕು’ ಎಂದು ಶುರು ಮಾಡಿದರು. ನಿಜ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಹಾಗೇ ಇದೆ. ಅಪಾಯಕಾರಿ ಸರಕು ಓಡಿಸುವ ಚಾಲಕನಿಗೆ ಸಂವಿಧಾನದ ಎಂಟನೇ ಅನುಸೂಚಿಯಲ್ಲಿರುವ ಒಂದಾದರೂ ಭಾರತೀಯ ಭಾಷೆ ಹಾಗೂ ಇಂಗ್ಲಿಷ್ ಓದಿ ಬರೆಯಲು ಬರಬೇಕು. ಜೊತೆಗೆ ಮೂರು ದಿನದ ವಿಶೇಷ ತರಬೇತಿ ಪಾಸಾಗಿರಬೇಕು. ಮೊದಲು ಆ ಲೈಸೆನ್ಸು ಒಂದೇ ವರ್ಷಕ್ಕೆ ಇತ್ತು, 2019ರ ತಿದ್ದುಪಡಿಯಲ್ಲಿ ಮೂರು ವರ್ಷವಾಯಿತು.

‘ಓದೋದು ಯಾಕೆ ಬೇಕು?’

‘ಟ್ರೆಮ್ ಕಾರ್ಡ್ ಇರುತ್ತಲ್ಲ, ಅದನ್ನ ಓದೋಕೆ.’

ಟ್ರೆಮ್ ಕಾರ್ಡ್ ಎಂದರೆ ಕ್ಯಾಬಿನ್ನಿನಲ್ಲಿ ಇಟ್ಟುಕೊಳ್ಳಬೇಕಾದ ಮಾಹಿತಿ ಚೀಟಿ. ಒಳಗಿರುವುದು ಏನು, ಸೋರಿದರೆ ಏನು ಮಾಡಬೇಕು, ಮೈ ಮೇಲೆ ಬಿದ್ದರೆ ಏನು ಪ್ರಥಮ ಚಿಕಿತ್ಸೆ, ಯಾರಿಗೆ ಫೋನ್ ಮಾಡಬೇಕು ಎಲ್ಲ ಅದರಲ್ಲಿರುತ್ತದೆ. ಸರಕು ಕಳಿಸುವವರು ಪೂರ್ತಿ ಮಾಹಿತಿ ಕೊಡಬೇಕು, ಲಾರಿ ಮಾಲೀಕರು ಅದು ಸರಿಯಿದೆಯೇ ನೋಡಿಕೊಳ್ಳಬೇಕು, ಚಾಲಕ ಓದಿ ತಿಳಿದುಕೊಂಡಿರಬೇಕು. ಒಬ್ಬರು ಸುಳ್ಳು ಹೇಳಿದರೆ ಮಿಕ್ಕ ಇಬ್ಬರೂ ಕುರುಡರಾಗುತ್ತಾರೆ. ನನಗೆ ಕೊರಿಯರ್ ಹುಡುಗನ ಮುಖ ನೆನಪಾಯಿತು. ಅಲ್ಲಿ ಸರಕು ಕಳಿಸುವವನು ನಾನೇ ಆಗಿದ್ದೆ.

ಅವರು ಇನ್ನೂ ಹೇಳಿದರು. ಹೊಗೆಯ ಕೊಳವೆಗೆ ಕಿಡಿ ತಡೆಯುವ ಸಾಧನ ಇರಬೇಕು. ಲಾರಿ ನಿಲ್ಲಿಸಿ ಎಲ್ಲೋ ಮಲಗಲು ಹೋಗುವಂತಿಲ್ಲ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ತಾನಾಗಲಿ, ಹದಿನೆಂಟು ದಾಟಿದ ತಿಳಿವಳಿಕೆಯುಳ್ಳ ಇನ್ನೊಬ್ಬರಾಗಲಿ ಕಾಯುತ್ತಲೇ ಇರಬೇಕು. ಹಳೆಯ ಟ್ಯಾಂಕರುಗಳ ಹಿಂದೆ ನೆಲಕ್ಕೆ ತಾಗುವ ಸರಪಳಿ ಇರುತ್ತಿತ್ತಲ್ಲ, ಯಾಕೆ ಗೊತ್ತೇ? ಉಣ್ಣೆಯ ಸ್ವೆಟರ್ ತೆಗೆಯುವಾಗ ಚಟಪಟ ಎನ್ನುತ್ತದೆ ನೋಡಿ, ಹಾಗೆ ಪೆಟ್ರೋಲ್ ಕುಲುಕಾಡಿ ಹರಿಯುವಾಗಲೂ ಸ್ಥಿರವಿದ್ಯುತ್ ಕೂಡಿಕೊಳ್ಳುತ್ತದೆ. ಅದು ನೆಲಕ್ಕೆ ಇಳಿದುಹೋಗಲಿ ಎಂದು. ಈಗಲೂ ಬಂಕಿನಲ್ಲಿ ಇಳಿಸುವ ಮೊದಲು ಟ್ಯಾಂಕರಿಗೆ ಅರ್ಥಿಂಗ್ ತಂತಿ ಸಿಕ್ಕಿಸುತ್ತಾರೆ. ಒಂದು ಸಣ್ಣ ಕಿಡಿ ಸಾಕು.

‘ತುಂಬಿದ ಟ್ಯಾಂಕರ್ ಓಡಿಸೋವಾಗ ಭಯ ಆಗ್ತಿತ್ತಾ ತಾತ?’

‘ತುಂಬಿದ್ದಕ್ಕಿಂತ ಖಾಲಿ ಟ್ಯಾಂಕರಿಗೇ ನಾನು ಜಾಸ್ತಿ ಹೆದರ್ತಿದ್ದೆ.’

ಅವಳು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದಳು. ಅವರು ವಿವರಿಸಿದರು. ದ್ರವ ಪೆಟ್ರೋಲು ಉರಿಯುವುದಿಲ್ಲ, ಉರಿಯುವುದು ಅದರ ಆವಿ, ಅದೂ ಗಾಳಿಯ ಜೊತೆ ಹದವಾಗಿ ಬೆರೆತಾಗ. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗವೇ ಇಲ್ಲ. ಖಾಲಿಯಾದ ಟ್ಯಾಂಕಿನಲ್ಲಿ ತಳದಲ್ಲಿ ಉಳಿದ ನಾಲ್ಕು ಹನಿಯ ಆವಿ, ಮಿಕ್ಕಿದ್ದೆಲ್ಲ ಗಾಳಿ. ಹಾಗಾಗಿ ಖಾಲಿ ಟ್ಯಾಂಕರ್ ತೊಳೆದು ಆವಿ ತೆಗೆಯುವ ತನಕ ಫಲಕ ತೆಗೆಯುವಂತಿಲ್ಲ. ‘ಖಾಲಿ ಅಂತ ಬೆಸುಗೆ ಹಾಕೋಕೆ ಹೋಗಿ ಸತ್ತೋರನ್ನ ನೋಡಿದೀನಿ’ ಎಂದು ಅವರು ಕಾಫಿ ಲೋಟ ಕೆಳಗಿಟ್ಟರು.

ಈ ‘ಖಾಲಿ’ ಎಂಬ ಪದ ಬಹಳ ದುಬಾರಿ. 1996ರ ಮೇ 11ರಂದು ಅಮೆರಿಕದ ಮಯಾಮಿಯಿಂದ ಅಟ್ಲಾಂಟಾಕ್ಕೆ ವ್ಯಾಲ್ಯೂಜೆಟ್ ಕಂಪನಿಯ 592ನೇ ವಿಮಾನ ಹೊರಟಿತ್ತು. ಅದರ ಹೊಟ್ಟೆಯಲ್ಲಿ ಐದು ರಟ್ಟಿನ ಪೆಟ್ಟಿಗೆಗಳು. ಚೀಟಿಯಲ್ಲಿ ಆಮ್ಲಜನಕದ ಡಬ್ಬಿಗಳು, ಖಾಲಿ ಎಂಬ ಅರ್ಥದ ಮಾತು ಬರೆದಿತ್ತು. ನಿಜದಲ್ಲಿ ಅವು ಅವಧಿ ಮೀರಿದ, ಆದರೆ ಇನ್ನೂ ಖಾಲಿಯಾಗದ ಆಮ್ಲಜನಕ ಉತ್ಪಾದಕಗಳು. ಒಮ್ಮೆ ಚಾಲೂ ಆದರೆ ಆಮ್ಲಜನಕದ ಜೊತೆಗೆ ವಿಪರೀತ ಶಾಖವನ್ನೂ ಹೊರಹಾಕುವಂಥವು. ಚಾಲೂ ಆಗದಂತೆ ತಡೆಯುವ ಚಿಕ್ಕ ಪ್ಲಾಸ್ಟಿಕ್ ಟೋಪಿಗಳನ್ನು ಹಾಕಿರಲಿಲ್ಲ. ವಿಮಾನ ಹಾರಿದ ಸ್ವಲ್ಪ ಹೊತ್ತಿಗೆ ಬೆಂಕಿ ಎದ್ದಿತು. ಆಮ್ಲಜನಕ ಆ ಬೆಂಕಿಗೆ ಉಸಿರು ಕೊಟ್ಟಿತು. ವಿಮಾನದಲ್ಲಿದ್ದ 110 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಚೀಟಿ ಬರೆದವರಿಗೆ ಕೊಲ್ಲುವ ಉದ್ದೇಶ ಇರಲಿಲ್ಲ. ಬಹುಶಃ ನನ್ನ ಹಾಗೇ, ಏನಾಗುತ್ತೆ ಬಿಡು ಎಂದುಕೊಂಡಿರಬೇಕು.

ನಮ್ಮ ದೇಶದಲ್ಲೂ ಇಂಥ ದೊಡ್ಡ ಕಥೆಯೊಂದಿದೆ. ಏಪ್ರಿಲ್ 14ರಂದು ಅಗ್ನಿಶಾಮಕ ದಿನ ಎಂದು ಆಚರಿಸುತ್ತಾರೆ. ಅದು ಯಾಕೆ ಆ ದಿನವೇ ಎಂದು ಯಾರಾದರೂ ನಿಮಗೆ ಹೇಳಿದ್ದಾರೆಯೇ?

1944, ಎರಡನೇ ಮಹಾಯುದ್ಧದ ಕಾಲ. ಫೋರ್ಟ್ ಸ್ಟಿಕಿನ್ ಎಂಬ ಹಡಗು ಇಂಗ್ಲೆಂಡಿನಿಂದ ಹೊರಟು ಕರಾಚಿ ಮುಟ್ಟಿ ಮುಂಬಯಿಯ ವಿಕ್ಟೋರಿಯಾ ಡಾಕ್‌ಗೆ ಬಂದು ನಿಂತಿತ್ತು. ಅದರೊಳಗೆ ಸುಮಾರು 1,400 ಟನ್ ಸ್ಫೋಟಕ. ಕರಾಚಿಯಲ್ಲಿ ಸಾವಿರಾರು ಹತ್ತಿಯ ಮೂಟೆಗಳನ್ನೂ ಎಣ್ಣೆಯ ಪೀಪಾಯಿಗಳನ್ನೂ ಅದೇ ಹಡಗಿಗೆ ತುಂಬಿದ್ದರು. ಹತ್ತಿ, ಎಣ್ಣೆ, ಮದ್ದು ಮೂರೂ ಒಂದೇ ಹೊಟ್ಟೆಯಲ್ಲಿ! ನಮ್ಮ ಅಜ್ಜಿಯ ಡಬ್ಬದಲ್ಲಿ ಕರ್ಪೂರದ ಪಕ್ಕ ಬೆಂಕಿಪೊಟ್ಟಣ ಇದ್ದ ಹಾಗೆ. ಸ್ಫೋಟಕ ಹೊತ್ತ ಹಡಗು ಬಂದರಿನಲ್ಲಿ ಕೆಂಪು ಬಾವುಟ ಹಾರಿಸಬೇಕು. ಆ ಹಡಗಿನ ಮೇಲೆ ಬಾವುಟ ಇರಲಿಲ್ಲ ಎಂದು ಆ ದಿನದ ವೃತ್ತಾಂತಗಳು ಹೇಳುತ್ತವೆ.

14ರ ಮಧ್ಯಾಹ್ನ ಹತ್ತಿಯಲ್ಲಿ ಹೊಗೆ ಕಂಡಿತು. ಅಗ್ನಿಶಾಮಕ ದಳದವರು ಬಂದು ನೀರು ಹೊಡೆದರು. ಗಂಟೆಗಟ್ಟಲೆ ಹೊಡೆದರೂ ಬೆಂಕಿ ಎಲ್ಲಿದೆಯೆಂದೇ ತಿಳಿಯಲಿಲ್ಲ. ಸಂಜೆ ನಾಲ್ಕು ಗಂಟೆ ದಾಟಿ ಕೆಲವೇ ನಿಮಿಷಕ್ಕೆ ಹಡಗು ಸಿಡಿಯಿತು. ಅರ್ಧ ಗಂಟೆ ಕಳೆದು ಎರಡನೇ ಸಲ, ಮೊದಲಿಗಿಂತ ದೊಡ್ಡದಾಗಿ. ಅಕ್ಕಪಕ್ಕದ ಹಡಗುಗಳು ಮುಳುಗಿದವು, ಉರಿಯುವ ಹತ್ತಿ ಆಕಾಶದಿಂದ ಮಳೆಯಂತೆ ಬಿದ್ದು ಗೋದಾಮು, ಮನೆಗಳು ಸುಟ್ಟವು. ದೂರದ ಸಿಮ್ಲಾದ ಭೂಕಂಪಮಾಪಕದಲ್ಲೂ ಆ ಕಂಪನ ದಾಖಲಾಯಿತು. ಹಡಗಿನಲ್ಲಿದ್ದ ಚಿನ್ನದ ಗಟ್ಟಿಗಳು ಹಾರಿ ಚೆಲ್ಲಾಪಿಲ್ಲಿಯಾದವು. ಎಷ್ಟೋ ವರ್ಷದ ಮೇಲೆ ಬಂದರಿನ ಕೆಸರು ಎತ್ತುವಾಗಲೂ ಚಿನ್ನ ಸಿಕ್ಕಿದ್ದುಂಟು. (ಮೊಮ್ಮಗಳ ಕಣ್ಣು ಇಲ್ಲಿ ಅರಳಿತು.) ಸತ್ತವರು ನೂರಾರು ಜನ. ಬೆಂಕಿ ಆರಿಸಲು ಹೋದ 66 ಅಗ್ನಿಶಾಮಕ ಸಿಬ್ಬಂದಿ ಅದರಲ್ಲಿ ಸೇರಿದ್ದಾರೆ. ಅವರ ನೆನಪಿಗೇ ಏಪ್ರಿಲ್ 14.

ಇವತ್ತಿನ ನಿಯಮ ಪುಸ್ತಕದಲ್ಲಿ ಯಾವುದರ ಪಕ್ಕ ಯಾವುದನ್ನು ಇಡಬಾರದು ಎಂದು ಹೇಳುವ ದೊಡ್ಡ ಕೋಷ್ಟಕವಿದೆ. ಒಟ್ಟು ಒಂಬತ್ತು ವರ್ಗ. ಅವನ್ನು ಬಾಯಿಪಾಠ ಮಾಡಬೇಕಿಲ್ಲ, ಮನೆಯಲ್ಲೇ ಹುಡುಕಬಹುದು. ದೀಪಾವಳಿಯ ಪಟಾಕಿ ಒಂದನೆಯದು, ಅಡುಗೆ ಸಿಲಿಂಡರ್ ಎರಡನೆಯದು. ಅಮ್ಮನ ನೇಲ್ ಪಾಲಿಶ್, ಅಪ್ಪನ ಸೆಂಟ್, ಸ್ಕೂಟರಿನ ಪೆಟ್ರೋಲ್ ಮೂರು. ಬೆಂಕಿಪೊಟ್ಟಣ, ಕರ್ಪೂರ, ಕೊಬ್ಬರಿ ನಾಲ್ಕು. ಬ್ಲೀಚಿಂಗ್ ಪುಡಿ ಐದು, ತೋಟದ ಕೀಟನಾಶಕ ಆರು, ಬಚ್ಚಲು ತೊಳೆಯುವ ಆಸಿಡ್ ಎಂಟು, ಪವರ್ ಬ್ಯಾಂಕ್ ಒಂಬತ್ತು. ಏಳನೆಯದು ಮಾತ್ರ ನಮ್ಮ ಮನೆಯಲ್ಲಿ ಸಿಗಲಿಲ್ಲ. ಅದು ವಿಕಿರಣ ವಸ್ತು, ದೊಡ್ಡ ಆಸ್ಪತ್ರೆಗಳಿಗೆ ಹೋಗುವಂಥದ್ದು. ಪಟಾಕಿಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ: ಹಬ್ಬಕ್ಕೆ ಊರಿಗೆ ಹೋಗುವಾಗ ಚೀಲದಲ್ಲಿ ಪಟಾಕಿ ತುಂಬಿಕೊಂಡು ರೈಲು ಹತ್ತುವುದು ಅಪರಾಧ. 1989ರ ರೈಲ್ವೆ ಕಾಯ್ದೆಯ 164ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲಿದೆ.

ಇಷ್ಟೆಲ್ಲ ನಿಯಮವಿದ್ದರೂ ಅನಾಹುತ ಆಗಿಲ್ಲವೇ ಎಂದರೆ, ಆಗಿದೆ. ನಮ್ಮ ಮಂಗಳೂರು-ಬೆಂಗಳೂರು ಹೆದ್ದಾರಿಯಲ್ಲೇ, ಉಪ್ಪಿನಂಗಡಿ ಸಮೀಪದ ಪೆರ್ನೆಯಲ್ಲಿ, 2013ರ ಏಪ್ರಿಲ್ 9ರಂದು ಅಡುಗೆ ಅನಿಲದ ಟ್ಯಾಂಕರ್ ಮಗುಚಿ ಬೆಂಕಿ ಹತ್ತಿಕೊಂಡಿತು. ರಸ್ತೆ ಬದಿಯ ಮನೆಯವರು ಓಡಲೂ ಸಮಯವಿಲ್ಲದೆ ಸುಟ್ಟುಹೋದರು. 2021ರ ಜನವರಿ 21ರ ರಾತ್ರಿ ಶಿವಮೊಗ್ಗ ಬಳಿಯ ಹುಣಸೋಡಿನಲ್ಲಿ ಕಲ್ಲುಗಣಿ ಸ್ಫೋಟಕ ತುಂಬಿದ್ದ ವಾಹನ ಸಿಡಿದು ಹಲವರು ಸತ್ತರು. ಸುತ್ತಲಿನ ಜಿಲ್ಲೆಗಳ ಜನ ಭೂಕಂಪವೆಂದು ಮನೆಯಿಂದ ಹೊರಗೆ ಓಡಿ ಬಂದಿದ್ದರು.

ಟ್ಯಾಂಕರ್ ಓಡಿಸುತ್ತಿದ್ದ ಹಿರಿಯರು ಹೊರಡುವ ಮೊದಲು ಮೊಮ್ಮಗಳನ್ನು ಹತ್ತಿರ ಕೂರಿಸಿಕೊಂಡು ಹೇಳಿದ ಮಾತು ಅವಳ ನೋಟ್‌ಬುಕ್ಕಿನಲ್ಲಿ ಹೀಗಿದೆ: ‘ಟ್ಯಾಂಕರ್ ಬಿದ್ದಿದ್ರೆ ನೋಡೋಕೆ ಹೋಗಬಾರದು. ವಿಡಿಯೋ ಮಾಡಬಾರದು. ಪೆಟ್ರೋಲ್ ಚೆಲ್ತಿದೆ ಅಂತ ಬಿಂದಿಗೆ ತಗೊಂಡು ಹೋಗಲೇಬಾರದು. ಗಾಳಿ ಯಾವ ಕಡೆಯಿಂದ ಬೀಸ್ತಿದೆಯೋ ಆ ಕಡೆಗೆ, ಸ್ವಲ್ಪ ಎತ್ತರದ ಜಾಗಕ್ಕೆ ಓಡಬೇಕು. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಹಳ್ಳ ಹುಡುಕಿಕೊಂಡು ಹರಿಯುತ್ತೆ. ಗಾಡಿ ಸ್ಟಾರ್ಟ್ ಮಾಡಬಾರದು, ಲೈಟ್ ಸ್ವಿಚ್ ಮುಟ್ಟಬಾರದು. ದೂರ ಹೋದಮೇಲೆ 112ಕ್ಕೆ ಫೋನ್ ಮಾಡಬೇಕು. ಬೋರ್ಡ್ ನಂಬರ್ ಮೊದಲೇ ಓದಿದ್ರೆ ಅದನ್ನ ಹೇಳಬೇಕು. ಓದೋಕೆ ಅಂತ ಹತ್ತಿರ ಹೋಗಬಾರದು.’ ಕೊನೆಯ ವಾಕ್ಯದ ಕೆಳಗೆ ಅವಳೇ ಎರಡು ಗೆರೆ ಎಳೆದಿದ್ದಾಳೆ.

ಡಬ್ಬದ ಕಥೆ ಮುಗಿಸಬೇಕು. ಮಾರನೆಯ ಭಾನುವಾರ ಅಜ್ಜಿ ನಾಲ್ಕೂ ಕೊಬ್ಬರಿ ತುರಿದು ಸಕ್ಕರೆ ಪಾಕಕ್ಕೆ ಹಾಕಿ ಮಿಠಾಯಿ ಮಾಡಿದಳು. ತುಪ್ಪ ಮುಟ್ಟಿಸಲಿಲ್ಲ. ಹಾಲಿನ ಪದಾರ್ಥವನ್ನು ಅಂಚೆಯಲ್ಲಿ ಆ ದೇಶಗಳಿಗೆ ಬಿಡುವುದಿಲ್ಲ ಎಂದು ಅಂಗಡಿಯ ಹುಡುಗನೇ ಫೋನಿನಲ್ಲಿ ಹೇಳಿದ್ದ. ಕರ್ಪೂರ, ಬೆಂಕಿಪೊಟ್ಟಣ ನಮ್ಮ ದೇವರ ಗೂಡಿಗೆ ಹಿಂತಿರುಗಿದವು. ಪವರ್ ಬ್ಯಾಂಕ್ ಡಿಸೆಂಬರಿನಲ್ಲಿ ಅವನು ಬಂದಾಗ ಕೈಚೀಲದಲ್ಲಿ ಒಯ್ಯುತ್ತಾನೆ.

ಈ ಸಲ ಪಟ್ಟಿ ಬರೆದದ್ದು ಮೊಮ್ಮಗಳು. ಕೋಡುಬಳೆ ಒಂದು ಕಿಲೋ, ಚಕ್ಕುಲಿ ಒಂದು ಕಿಲೋ, ಹುಳಿ ಪುಡಿ ಅರ್ಧ ಕಿಲೋ, ಚಟ್ನಿ ಪುಡಿ ಕಾಲು ಕಿಲೋ, ಕೊಬ್ಬರಿ ಮಿಠಾಯಿ 32. ಕೌಂಟರಿನ ಮುಂದೆ ನಾನು ಪೆನ್ನು ತೆಗೆದು ಸಹಿ ಹಾಕಲು ಬಗ್ಗಿದಾಗ ಅವಳು ನನ್ನ ತೋಳು ಹಿಡಿದಳು.

‘ಒಂದು ನಿಮಿಷ ತಾತ. ಮಿಠಾಯಿ 31. ಒಂದು ನಾನು ತಿಂದೆ.’

ಹುಡುಗ ತಿದ್ದಿಕೊಂಡ. ಆಮೇಲೆ ನಾನು ಸಹಿ ಹಾಕಿದೆ.